ಬಂದ ಕೂಡಲೇ ‘ಅದಿಯೋಸ್’

“ಅಲ್ಲ ಗೋಪಿ, ನಾವು ಬಸ್ ಇಳಿದು ಇನ್ನೂ ಐದು ನಿಮಿಷ ಆಗಿಲ್ಲ. ಆ ಅಜ್ಜಿ ನನ್ನ ಮುಖ ನೋಡಿ ‘ಅದಿಯೋಸ್’ ಅಂದುಬಿಟ್ಟರಲ್ಲ! ಹೋಗಿಬನ್ನಿ ಅಂತ ತಾನೇ ಅದರ ಅರ್ಥ?”

ಪದ್ಮಕ್ಕನಿಗೆ ನಿಜಕ್ಕೂ ಬೇಜಾರಾಗಿತ್ತು. ಗೋಪಿ ನಕ್ಕ. ಅವನು ಆರು ವರ್ಷದಿಂದ ಮ್ಯಾಡ್ರಿಡ್‌ನಲ್ಲಿ ಕಂಪ್ಯೂಟರ್ ಕುಟ್ಟುತ್ತಿದ್ದಾನೆ. ಅವನನ್ನು ನಂಬಿಯೇ ನಾವು ನಾಲ್ವರು ಸ್ಪೇನಿಗೆ ಹೊರಟಿದ್ದು.

“ಹಳ್ಳಿ ಕಡೆ ಹಾಗೇ ಪದ್ಮಕ್ಕ. ನಿಂತು ಮಾತಾಡೋದಾದರೆ ‘ಓಲಾ’. ಸುಮ್ನೆ ದಾಟಿ ಹೋಗೋದಾದರೆ ‘ಅದಿಯೋಸ್’.”

“ನಾವು ಹೋಗುವಾಗ ‘ಬರ್ತೀನಿ’ ಅಂತೀವಿ. ಇವರು ಬಂದಾಗ ‘ಹೋಗಿ’ ಅಂತಾರೆ. ಲೆಕ್ಕ ಸರಿಹೋಯ್ತು ಬಿಡೇ,” ಅಂದರು ಅವರ ಯಜಮಾನರು, ನಮ್ಮ ಮೇಷ್ಟ್ರು.

ಊರಿನ ಹೆಸರು ಕಪಿಲೇಯ್ರಾ. ಸ್ಪೇನಿನ ದಕ್ಷಿಣಕ್ಕೆ, ಗ್ರನಾಡಾ ಪ್ರಾಂತ್ಯದಲ್ಲಿದೆ. ಸಿಯೆರಾ ನೆವಾಡಾ ಬೆಟ್ಟದ ಮಗ್ಗುಲಿನ ಈ ಸೀಮೆಗೆ ಅಲ್ಪುಹಾರಾ ಅನ್ನುತ್ತಾರೆ. ಒಂದೇ ಕಣಿವೆಯಲ್ಲಿ ಮೂರು ಬಿಳಿ ಹಳ್ಳಿಗಳು, ಮೆಟ್ಟಿಲಿನ ಹಾಗೆ ಒಂದರ ಮೇಲೊಂದು: ಪಂಪನೇಯ್ರಾ, ಬುಬಿಯೋನ್, ಕಪಿಲೇಯ್ರಾ. “ಒಂದರಲ್ಲಿ ಪಂಪ ಇದ್ದಾನೆ, ಇನ್ನೊಂದರಲ್ಲಿ ಕಪಿಲೆ ಇದ್ದಾಳೆ. ನಂಜನಗೂಡು ಇಲ್ಲೇ ಎಲ್ಲೋ ಇರಬೇಕು,” ಅಂತ ಸೀನ ಬಸ್ಸಿನಲ್ಲೇ ಹುಡುಕಲು ಶುರು ಮಾಡಿದ್ದ. ಊರು ಇರುವುದು ಸುಮಾರು 1,400 ಮೀಟರ್ ಎತ್ತರದಲ್ಲಿ. ಜನ ಐನೂರು ಚಿಲ್ಲರೆ. ಆ ಐನೂರು ಜನರಲ್ಲಿ ಒಬ್ಬರಾದರೂ ಸಂಜೆ ಆರು ಗಂಟೆಗೆ ಊಟ ಹಾಕುವವರು ಇರಲಿಲ್ಲ. ನಮ್ಮ ಕಷ್ಟ ಶುರುವಾಗಿದ್ದು ಅಲ್ಲಿ.

ನಾವು ಹೋಟೆಲಿನ ಬಾಗಿಲು ತಟ್ಟಿದ್ದು ನಾಲ್ಕೂ ಇಪ್ಪತ್ತಕ್ಕೆ. ಅಡುಗೆಮನೆ ನಾಲ್ಕಕ್ಕೇ ಮುಚ್ಚಿತ್ತು. ಮತ್ತೆ ತೆರೆಯುವುದು ಎಂಟೂವರೆಗೆ.

“ಎಂಟೂವರೆಗೆ ನಾನು ಮಾತ್ರೆ ನುಂಗಿ ಮಲಗೋನಪ್ಪ,” ಅಂದರು ಮೇಷ್ಟ್ರು.

“ಇಲ್ಲಿ ಎಂಟೂವರೆಗೆ ಊಟಕ್ಕೆ ಕೂತರೆ ಪ್ರವಾಸಿ ಅಂತ ಗೊತ್ತಾಗಿಬಿಡುತ್ತೆ ಮೇಷ್ಟ್ರೇ. ಊರವರು ಬರೋದು ಒಂಬತ್ತೂವರೆಗೆ,” ಅಂದ ಗೋಪಿ.

“ಓಹೋ, ನನ್ನ ಪಂಚೆ ನೋಡಿ ಇಲ್ಲಿಯವನು ಅಂದುಕೊಂಡಿದ್ದರಾ?”

ಹೀಗೆ ಹೊಟ್ಟೆ ತಾಳ ಹಾಕುತ್ತಾ ನಾವು ಐವರು ಊರ ಚೌಕದ ಕಲ್ಲುಬೆಂಚಿನ ಮೇಲೆ ಕೂತೆವು. ಅಕ್ಟೋಬರ್ ತಿಂಗಳು. ಕಣಿವೆಯಿಂದ ತಣ್ಣನೆ ಗಾಳಿ. ಯಾರದೋ ಮನೆಯ ಚಿಮಣಿಯಿಂದ ಹೊಗೆ.

ನನಗೆ ಮನೆಗಳ ತಾರಸಿಯಿಂದ ಕಣ್ಣು ಕೀಳಲಾಗಲಿಲ್ಲ. ಸ್ಪೇನ್ ಅಂದರೆ ಇಳಿಜಾರು ಹೆಂಚು ಅಂತ ನೀವು ಅಂದುಕೊಂಡಿರಬಹುದು. ಇಲ್ಲಿ ಚಪ್ಪಟೆ ಮಾಳಿಗೆ. ಚೆಸ್ಟ್‌ನಟ್ ಮರದ ತೊಲೆ, ಅದರ ಮೇಲೆ ಕಲ್ಲಿನ ಹಾಸು, ಎಲ್ಲಕ್ಕಿಂತ ಮೇಲೆ ‘ಲೌನಾ’ ಅನ್ನುವ ಬೂದು ಬಣ್ಣದ ಜೇಡಿಮಣ್ಣು. ನೀರು ಬಿದ್ದರೆ ಅದು ಬಿಗಿದುಕೊಳ್ಳುತ್ತದಂತೆ. ಚಳ್ಳಕೆರೆ ಹತ್ತಿರ ನಮ್ಮಜ್ಜಿ ಮನೆ ಮಾಳಿಗೆಗೂ ಕರಲು ಮಣ್ಣೇ ಹಾಕುತ್ತಿದ್ದರು. ಆ ಮನೆಯನ್ನು ಕೆಡವಿ ಸಿಮೆಂಟಿನದು ಕಟ್ಟಿದವರು ನಮ್ಮ ಮಾವ. ಈಗ ಮಗ ವೀಸಾ ಮಾಡಿಸಿಕೊಟ್ಟರೆ ಇದನ್ನೇ ನೋಡಿ ‘ಎಷ್ಟು ಚೆಂದ’ ಅನ್ನುತ್ತಾರೆ.

“ಬಾಯಿ ಇನ್ನೂ ಒಗರು,” ಅಂದ ಸೀನ.

ಇದಕ್ಕೆ ಒಂದು ಹಿನ್ನೆಲೆಯಿದೆ. ಕೆಳಗೆ ಓರ್ಹಿವಾ ಎಂಬಲ್ಲಿ ಬಸ್ಸು ನಿಂತಾಗ ಸೀನ ಇಳಿದು, ರಸ್ತೆ ಬದಿಯ ಮರದಿಂದ ಒಂದು ಆಲಿವ್ ಕಿತ್ತು ಬಾಯಿಗೆ ಹಾಕಿಕೊಂಡಿದ್ದ. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ಮರದಲ್ಲಿ ಕಾಯಿ ಕಂಡರೆ ಕೈ ಕೇಳುವುದಿಲ್ಲ. ಹಸಿ ಆಲಿವ್ ಬೇವಿನ ಅಣ್ಣ. ವಾರಗಟ್ಟಲೆ ನೀರು ಬದಲಾಯಿಸಿ, ಉಪ್ಪುನೀರಿನಲ್ಲಿ ನೆನೆಹಾಕಿದ ಮೇಲೇ ತಿನ್ನುವ ಹಾಗಾಗುವುದು.

“ನಮ್ಮ ಮಾವಿನ ಮಿಡಿ ಹಾಗೆ ಅನ್ನಿ,” ಅಂದರು ಪದ್ಮಕ್ಕ.

“ಮಿಡಿ ಹಸಿಯಾಗಿದ್ದರೂ ಇಷ್ಟು ಮೋಸ ಮಾಡಲ್ಲ ಅಕ್ಕಾ!”

ಅವನ ಬಾಯಿಯನ್ನು ಮರೆಸಿದ್ದು ನೀರು. ಬೀದಿಯ ನಡುವೆಯೇ ಒಂದು ಸಣ್ಣ ಕಾಲುವೆ ಜುಳುಜುಳು ಹರಿಯುತ್ತಿತ್ತು. ಸೀನ ಎದ್ದು ಅದರ ಹಿಂದೆಯೇ ಹೋದ. ಇದಕ್ಕೆ ‘ಅಸೆಕಿಯಾ’ ಅನ್ನುತ್ತಾರೆ, ಅರಬ್ಬಿಯಿಂದ ಬಂದ ಮಾತು ಅಂತ ಗೋಪಿ ವಿವರಿಸಿದ. ಅರಬರ ಕಾಲದಿಂದ ಬೆಟ್ಟದ ನೀರನ್ನು ಹೀಗೆ ಮೆಟ್ಟಿಲು ಗದ್ದೆಗಳಿಗೆ ಇಳಿಸುತ್ತಿದ್ದಾರೆ. ಸರದಿ ನೋಡಿ ನೀರು ಬಿಡಲು ಒಬ್ಬ ಆಳೂ ಇರುತ್ತಾನೆ.

“ನೀರಗಂಟಿ!” ಅಂದ ಸೀನ. ಸ್ವಂತ ಚಿಕ್ಕಪ್ಪನನ್ನು ಕಂಡಷ್ಟು ಖುಷಿ.

“ಇನ್ನೊಂದು ಕೇಳಿ ಸೀನಣ್ಣ. ಇನ್ನೂ ಮೇಲೆ ‘ಕರೇಯೋ’ ಅಂತ ಬೇರೆ ಕಾಲುವೆಗಳಿವೆ. ವಸಂತದಲ್ಲಿ ಹಿಮ ಕರಗಿದಾಗ ಆ ನೀರನ್ನು ಹೊಲಕ್ಕೆ ಬಿಡುವುದಿಲ್ಲ. ಬೇಕಂತಲೇ ಬೆಟ್ಟದ ಮೈಮೇಲೆ ಚೆಲ್ಲುತ್ತಾರೆ. ಅದು ಒಳಗಿಳಿದು, ವಾರ, ತಿಂಗಳು ಕಳೆದ ಮೇಲೆ, ಬೇಸಿಗೆ ಹೊತ್ತಿಗೆ ಕೆಳಗಿನ ಒರತೆಗಳಲ್ಲಿ ಹೊರಗೆ ಬರುತ್ತೆ.”

“ಇಂಗುಗುಂಡಿ ಕಣೋ ಅದು! ನಮ್ಮೂರಲ್ಲಿ ನಾನು ತೋಡಿಸಿದಾಗ ಪಕ್ಕದ ತೋಟದವನು ‘ಸೀನನಿಗೆ ನೀರು ಜಾಸ್ತಿಯಾಗಿದೆ, ನೆಲಕ್ಕೆ ಕುಡಿಸ್ತಿದ್ದಾನೆ’ ಅಂತ ಊರೆಲ್ಲ ಹೇಳ್ಕೊಂಡು ಬಂದ.”

ಇಲ್ಲಿ ಮೇಷ್ಟ್ರು ಎದ್ದು ಕೂತರು. ಇತಿಹಾಸ ಪಾಠ ಮಾಡಿದವರು. 1492ರಲ್ಲಿ ಗ್ರನಾಡಾ ಕ್ರೈಸ್ತ ಅರಸರ ಕೈಸೇರಿತು. 1568ರಲ್ಲಿ ಈ ಬೆಟ್ಟಗಳ ಮೊರಿಸ್ಕೋ ಜನ, ಅಂದರೆ ಬಲವಂತಕ್ಕೆ ಕ್ರೈಸ್ತರಾದ ಮುಸ್ಲಿಮರು, ದಂಗೆಯೆದ್ದರು. ದಂಗೆ ಅಡಗಿದ ಮೇಲೆ ಅವರನ್ನೆಲ್ಲ ಇಲ್ಲಿಂದ ಎತ್ತಂಗಡಿ ಮಾಡಿ, ಬೇರೆ ಕಡೆಯ ರೈತರನ್ನು ತಂದು ಕೂರಿಸಿದರು. “ಆದರೆ ಪ್ರತಿ ಊರಿನಲ್ಲೂ ಎರಡು ಮನೆಯವರನ್ನು ಮಾತ್ರ ಉಳಿಸಿಕೊಂಡರು ಅಂತ ಹೇಳ್ತಾರೆ. ಯಾಕೆ ಗೊತ್ತಾ? ಈ ಕಾಲುವೆ ಹೇಗೆ ನಡೆಸೋದು ಅಂತ ಹೊಸಬರಿಗೆ ಹೇಳಿಕೊಡಲು!”

“ಸೊಸೆ ಬಂದ ಮೇಲೆ ಅತ್ತೆಯನ್ನು ಓಡಿಸಿ, ಉಪ್ಪಿನಕಾಯಿ ಹದ ಕೇಳಲು ಫೋನ್ ಮಾಡಿದ ಹಾಗೆ,” ಅಂದರು ಪದ್ಮಕ್ಕ. ಮೇಷ್ಟ್ರು ಪಾಠ ನಿಲ್ಲಿಸಿದರು.

ಈಗ ಹೊರಹೋಗುತ್ತಿರುವವರು ಊರಿನ ಮಕ್ಕಳೇ. ಸ್ಪೇನಿನಲ್ಲಿ 8,000ಕ್ಕೂ ಹೆಚ್ಚು ಪುರಸಭೆಗಳಿವೆ. ಅವುಗಳಲ್ಲಿ ಸುಮಾರು 5,000ದಲ್ಲಿ ಸಾವಿರ ಜನರೂ ಇಲ್ಲ. ಅಂಗಡಿಯೇ ಇಲ್ಲದ ಊರಿಗೆ ಬ್ರೆಡ್ ವ್ಯಾನು ಹಾರ್ನ್ ಹೊಡೆದುಕೊಂಡು ಬರುತ್ತದೆ. ಮುಚ್ಚಿಹೋದ ಕಾಲುವೆಗಳನ್ನು ತೆರೆಯಲು ಗ್ರನಾಡಾ ವಿಶ್ವವಿದ್ಯಾಲಯದವರು ಸ್ವಯಂಸೇವಕರನ್ನು ಕರೆತಂದು ಗುದ್ದಲಿ ಹಿಡಿಸುತ್ತಾರೆ.

“ಉಳಿದವರು ಮಾತ್ರ ಗಟ್ಟಿ,” ಅಂದ ಗೋಪಿ. “ಮೊದಲ ಸಲ ಗೆಳೆಯನ ಹಳ್ಳಿಗೆ ಹೋದಾಗ ಒಬ್ಬ ತಾತ ನನ್ನನ್ನು ತಡೆದು ‘ನೀನು ಯಾರವನು?’ ಅಂತ ಕೇಳಿದರು. ಬೆಂಗಳೂರು ಅಂದೆ. ‘ಊರಲ್ಲ, ಯಾರವನು?’”

“ಯಾರ ಪೈಕಿ ಅಂತ!” ಎಲ್ಲರೂ ಒಟ್ಟಿಗೇ ಕೂಗಿದೆವು. ನಮ್ಮಲ್ಲಿ ಆ ಪ್ರಶ್ನೆಯ ಬಾಲಕ್ಕೆ ಇನ್ನೊಂದು ಪ್ರಶ್ನೆ ಅಂಟಿಕೊಂಡಿರುತ್ತದೆ. ಅದನ್ನು ಯಾರೂ ಎತ್ತಲಿಲ್ಲ.

“ಬೇಸಿಗೆಯಲ್ಲಿ ಬರಬೇಕಿತ್ತು. ರಾತ್ರಿ ಎಲ್ಲರೂ ಕುರ್ಚಿ ತಂದು ಬೀದಿಯಲ್ಲೇ ಕೂತು ಹರಟ್ತಾರೆ. ಕಾದಿಸ್ ಪ್ರಾಂತ್ಯದಲ್ಲಿ ಅಲ್ಗಾರ್ ಅಂತ ಒಂದು ಹಳ್ಳಿಯಿದೆ. ಈ ಬೀದಿ ಹರಟೆಯನ್ನು ಯುನೆಸ್ಕೋ ಪಟ್ಟಿಗೆ ಸೇರಿಸಿ ಅಂತ ಅಲ್ಲಿನ ಮೇಯರ್ 2021ರಲ್ಲಿ ಹೊರಟರು.”

ನಾವು ಒಂದು ಕ್ಷಣ ದಂಗಾದೆವು.

“ಜಗಲಿ ಹರಟೆಗೆ ಯುನೆಸ್ಕೋ?” ಮೇಷ್ಟ್ರು ಪದ್ಮಕ್ಕನ ಕಡೆ ತಿರುಗಿದರು. “ಮೂವತ್ತು ವರ್ಷ ಅದನ್ನೇ ಮಾಡಿದ್ದಕ್ಕೆ ನನಗೆ ಸಿಕ್ಕಿದ್ದು ಬೈಗುಳ ಮಾತ್ರ.”

“ಮೊದಲು ಪಟ್ಟಿಗೆ ಸೇರಲಿ. ಆಮೇಲೆ ಬೈಯೋದು ಬಿಡ್ತೀನಿ.”

ಅಂತೂ ಎಂಟೂವರೆಯಾಯಿತು. ಬಾಗಿಲು ತೆರೆದ ಕೂಡಲೇ ನುಗ್ಗಿದೆವು. ಮೇಷ್ಟ್ರು ‘ಮಿಗಾಸ್’ ಹೇಳಿದರು. ರವೆಯನ್ನು ಎಣ್ಣೆ, ಬೆಳ್ಳುಳ್ಳಿಯಲ್ಲಿ ಕೆದಕಿ ಕೆದಕಿ ಉದುರುದುರಾಗಿ ಮಾಡುವ ತಿಂಡಿ. ಈ ಕಡೆ ಮಳೆ ಬಂದ ದಿನ ಇದನ್ನೇ ಮಾಡುವುದು ರೂಢಿ. “ಉಪ್ಪಿಟ್ಟು ಅನ್ನಬಾರದೇನೋ!” ಅಂತ ಹಿಗ್ಗಿದವರು, ತಟ್ಟೆ ಬಂದಾಗ ಮೌನವಾದರು. ಮೇಲೆ ಕೆಂಪಗೆ ತುಂಡುಗಳು.

ಗೋಪಿ ಮಾಣಿಯನ್ನು ಕರೆದ. ಮಾಂಸ ಬೇಡ ಅಂದಿದ್ದೆವಲ್ಲ? ಮಾಣಿಗೆ ನಿಜವಾಗಿ ಆಶ್ಚರ್ಯ.

“ಮಾಂಸ ಹಾಕಿಲ್ಲ ಅಂತಾನೆ ಮೇಷ್ಟ್ರೇ. ಅದು ಬರೀ ಹ್ಯಾಮ್ ಅಂತೆ, ರುಚಿಗೆ.”

ಆ ತಟ್ಟೆ ಸೀನನ ಕಡೆ ಜರುಗಿತು. ಅವನು ಬಾಯಿಯ ಕಹಿ ಹೋಗಲಿ ಅಂತ ಪೂರ್ತಿ ತಿಂದ. ಮೇಷ್ಟ್ರನ್ನು ಕಾಪಾಡಿದ್ದು ಬದನೆಕಾಯಿ. ತೆಳ್ಳಗೆ ಹೆಚ್ಚಿ, ಹಿಟ್ಟಿನಲ್ಲಿ ಹೊರಳಿಸಿ ಕರಿದದ್ದು. ಮೇಲೆ ಕಪ್ಪಗೆ ಏನೋ ಸುರಿದಿದ್ದರು. ಪದ್ಮಕ್ಕ ಬೆರಳಲ್ಲಿ ನೆಕ್ಕಿ ನೋಡಿದರು. ಕಣ್ಣರಳಿತು.

“ರೀ, ಜೋನಿಬೆಲ್ಲ!”

ಹೌದು, ಕಬ್ಬಿನ ಹಾಲು ಕಾಯಿಸಿದ ಪಾಕವೇ. ಗ್ರನಾಡಾದ ಕರಾವಳಿಯಲ್ಲಿ ನೂರಾರು ವರ್ಷ ಕಬ್ಬು ಬೆಳೆದರು. ಅಲ್ಲಿನ ಕೊನೆಯ ಸಕ್ಕರೆ ಕಾರ್ಖಾನೆ ಮುಚ್ಚಿದ್ದು 2006ರಲ್ಲಿ. ಸಕ್ಕರೆಗೆ ಇವರು ‘ಅಸೂಕಾರ್’ ಅನ್ನುತ್ತಾರೆ. ಅದೂ ಶರ್ಕರದ ಮೊಮ್ಮಗುವೇ ಅಂತ ಮೇಷ್ಟ್ರು ಹೇಳಲು ಹೊರಟರು. ಬಾಯಿ ತುಂಬ ಬದನೆಕಾಯಿ ಇದ್ದುದರಿಂದ ಬಚಾವಾದೆವು. ಮೂರು ತಟ್ಟೆ ತರಿಸಿದೆವು.

ಹೊರಗೆ ಬಂದಾಗ ಹತ್ತೂವರೆ. ಎದುರಿಗೆ ಅದೇ ಅಜ್ಜಿ. ಈ ಸಲ ಪದ್ಮಕ್ಕ ಬಿಡಲಿಲ್ಲ. ತಾವೇ ಮೊದಲು ಗಟ್ಟಿಯಾಗಿ “ಅದಿಯೋಸ್!” ಅಂದರು.

ಅಜ್ಜಿ ನಿಂತರು. ಪದ್ಮಕ್ಕನ ಸೀರೆಯ ಸೆರಗು ಹಿಡಿದು ನೋಡಿದರು. ಆಮೇಲೆ ಏನೇನೋ ಮಾತು, ಕೈ ಹಿಡಿದುಕೊಂಡೇ. ಪದ್ಮಕ್ಕ ಕನ್ನಡದಲ್ಲಿ ಉತ್ತರ ಕೊಡುತ್ತಲೇ ಇದ್ದರು. ಗೋಪಿ ನಡುವೆ ಬಾಯಿ ಹಾಕಲು ನೋಡಿದ. ಇಬ್ಬರೂ ಅವನಿಗೆ ಗಮನ ಕೊಡಲಿಲ್ಲ.

ನಾವು ನಾಲ್ವರು ಮತ್ತೆ ಬೆಂಚಿನ ಮೇಲೆ ಕೂತೆವು.

“ಮೇಷ್ಟ್ರೇ, ಮಾತ್ರೆ ನುಂಗಿದ್ರಾ?” ಅಂತ ಕೇಳಿದ ಸೀನ.

“ಮಾತ್ರೆ ಅವಳ ಚೀಲದಲ್ಲಿದೆ ಕಣಯ್ಯ.”