ಊದಿಕೊಂಡ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯನ್ನು ಮತ್ತೆ ಬಳಸಬಹುದೇ?

ಪ್ರಶ್ನೆ (ಬಸವನಗುಡಿಯಿಂದ):
ಮಗಳ ಪರೀಕ್ಷೆ ಮುಗಿಯಲಿ ಎಂದು ಮಾದರಿ ವಿಮಾನದ 3 ಸೆಲ್‌ಗಳ, 2200 ಎಂಎಎಚ್ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಅಟ್ಟದ ಮೇಲಿಟ್ಟಿದ್ದೆ. ಏಪ್ರಿಲ್ ಬಿಸಿಲಿಗೆ ಶೀಟಿನ ಕೆಳಗಿನ ಆ ಅಟ್ಟ ಕಾದ ಹಂಚು. ಎರಡು ತಿಂಗಳಲ್ಲಿ ಪೂರಿಯಂತೆ ಊದಿದೆ.

ಉತ್ತರ 1:
ದಯವಿಟ್ಟು ಬಳಸಬೇಡಿ. ಚುಚ್ಚಲೂಬೇಡಿ, ಬೆಂಕಿ ಹತ್ತುತ್ತದೆ. ಕಸಕ್ಕೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಪೂರ್ತಿ ಚಾರ್ಜ್‌ನಲ್ಲಿ ಬಿಸಿಯಲ್ಲಿಟ್ಟರೆ ಹೀಗೇ ಊದುತ್ತದೆ. ನಾನು ಸೆಲ್‌ಗೆ ಪೂರ್ತಿ 4.2 ವೋಲ್ಟ್ ತುಂಬಿಸುವುದು ಹಾರಿಸುವ ದಿನ ಬೆಳಿಗ್ಗೆ ಮಾತ್ರ. ಮಳೆ ಬಂದು ಹಾರಾಟ ತಪ್ಪಿದರೆ ಅಂದೇ ಸಂಜೆ ಚಾರ್ಜರಿನ ಸ್ಟೋರೇಜ್ (ಎತ್ತಿಡುವ) ವಿಧಾನದಲ್ಲಿ 3.8 ವೋಲ್ಟ್‌ಗೆ ಇಳಿಸುತ್ತೇನೆ. ಎಷ್ಟೇ ದಣಿದಿದ್ದರೂ ಸರಿ.

ಉತ್ತರ 2:
ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲಿ ಅದೇ 2200 ಎಂಎಎಚ್‌ನ ಹೊಸದು ಕೊಂಡರೆ 2.2 ಆಂಪಿಯರ್ ಮೀರದಂತೆ, ಎಲ್ಲ ಸೆಲ್‌ಗಳನ್ನೂ ಸಮನಾಗಿಡುವ ಬ್ಯಾಲೆನ್ಸ್ ತಂತಿ ಸಿಕ್ಕಿಸಿಯೇ ಚಾರ್ಜ್ ಮಾಡಿ. ಎದುರಿಗೇ ಕುಳಿತಿರಿ.

ಪ್ರಶ್ನಿಸಿದವರು:
ಈಗಷ್ಟೇ ಅಟ್ಟದಿಂದ ಕೆಳಗಿಳಿಸಿ ಅಂಗಳದ ಮರಳಿನ ಬಕೆಟ್‌ನಲ್ಲಿಟ್ಟೆ.