ಹದಿನೈದು ದಿನದ ದಿನಸಿ ಕೂಡಿಡೋದು ಹ್ಯಾಂಗ? ನಿಮ್ಮ ಅನುಭವ ಹೇಳ್ರಿ

ಕೇಳಿದವರು, ಹುಬ್ಬಳ್ಳಿ: ಬಾಡಿಗಿ ಮನಿ, ನಾಲ್ಕು ಮಂದಿ. ಅತ್ತಿಯವರಿಗೆ ಸಕ್ಕರಿ ಕಾಯಿಲೆ, ಇನ್ಸುಲಿನ್ ತಗೋತಾರ. ಮಳಿ, ಬಂದ್, ಲಾಕ್‌ಡೌನ್ ಏನರೆ ಬಂದ್ರ 15 ದಿನ ಹೊರಗ ಹೋಗದಂಗ ನಡೀಬೇಕು. ಏನೇನು ಇಡಬೇಕು, ಹುಳ ಬೀಳದಂಗ ಹ್ಯಾಂಗ?

ಗದಗಿನಾಕಿ: 2020ರ ಮಾರ್ಚ್‌ನ್ಯಾಗ ನಮ್ಮನ್ಯಾಗ ಒಂದು ಚೀಲ ಜ್ವಾಳಾ, 25 ಕೆಜಿ ಗೋದಿ ಇತ್ತು. ಊರಿಗೆಲ್ಲಾ ಹೇಳಿಕೊಂಡು ಬಂದಿದ್ದೆ, ನಮಗೇನೂ ಚಿಂತಿ ಇಲ್ಲಂತ. ಆದ್ರ ನಮ್ಮ ಓಣ್ಯಾಗಿನ ಗಿರಣಿ ಮುಚ್ಚಿತ್ತು! ಮಿಕ್ಸ್ಯಾಗ ಜ್ವಾಳಾ ಒಡದು ನುಚ್ಚು ಮಾಡಿದ್ವಿ. ಐದನೇ ದಿನ ಮೋಟರ್ ಸುಟ್ಟು ವಾಸನಿ ಬಂತು. ರಿಪೇರಿಗೆ 1,450 ರೂಪಾಯಿ, ಅದೂ ಜೂನ್‌ದಾಗ. ಹಿಟ್ಟು ಬೀಸಿಟ್ಟರೂ ಆಗೂದಿಲ್ಲರಿ, ಹಳೇ ಹಿಟ್ಟಿಗೆ ಜಿಗಿ ಇರಂಗಿಲ್ಲ, ಬಡಿಯೂವಾಗ ಅಂಚು ಸೀಳತಾವ. ಈಗ 100 ಖಡಕ್ ರೊಟ್ಟಿ ಯಾವಾಗಲೂ ಡಬ್ಬ್ಯಾಗ ಇರ್ತಾವ.

ಕೊಣ್ಣೂರಾಂವ, ನರಗುಂದ ತಾಲ್ಲೂಕು: 2019ರ ಆಗಸ್ಟ್‌ದಾಗ ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟಾಗ ಮಲಪ್ರಭಾ ಹೊಳಿ ನಮ್ಮ ಪಡಸಾಲಿಗೇ ಬಂತು. ನಾಕು ಚೀಲ ಜ್ವಾಳಾ ನೆನದು ಮೊಳಕಿ ಒಡದು ನಾತ ಹೊಡೀತು, ದನಾನೂ ಮೂಸಲಿಲ್ಲ. ಉಳದದ್ದು ಅಟ್ಟದ ಮ್ಯಾಗ ಮುಚ್ಚಳ ಇದ್ದ ಬಕೆಟ್ ಒಂದೇ: ರೊಟ್ಟಿ, ಗುರೆಳ್ಳು ಚಟ್ನಿ, ಅವಲಕ್ಕಿ, ಪುಠಾಣಿ, ಬೆಲ್ಲ. ಅದನ್ನ ಹೊತ್ತಕೊಂಡು ಹೊಂಟ್ವಿ. ಎರಡೂ ಕೈ ಹಿಡಿಯುವಷ್ಟು ಮೊದಲು ಕಟ್ಟಿಡ್ರಿ, ಚೀಲದ ಮಾತು ಆಮ್ಯಾಲೆ.

ಹಾವೇರಿಯಾಂವ: ನಾ ಆರು ವರ್ಷದಿಂದ ಕಾಳಿಗೆ ಹುಳ ಸಾಯೋ ಗುಳಿಗಿ ಹಾಕ್ತೀನಿ. ಮಲಗೋ ಖೋಲ್ಯಾಗ ಚೀಲ ಐತಿ, ಒಂದು ನುಸಿ ಇಲ್ಲ. ಬೇವಿನ ತಪ್ಪಲ, ಬೂದಿ ಎಲ್ಲಾ ಹಳೇ ಕಾಲದ್ದು.

ಗದಗಿನಾಕಿ: ಅಣ್ಣಾರ, ಮಲಗೋ ಖೋಲ್ಯಾಗ?! ಅದು ಅಲ್ಯುಮಿನಿಯಂ ಫಾಸ್ಫೈಡ್. ತೇವ ತಾಗಿದ್ರ ಫಾಸ್ಫೀನ್ ಗಾಳಿ ಬರ್ತದ, ನಿದ್ದ್ಯಾಗ ಜೀವ ಹೋಗ್ತದ. ಹೊಸಾ ಮನಿ ಮಾಡೋ ಹೆಣ್ಣಮಗಳಿಗೆ ಇಂಥಾದ್ದು ಹೇಳಬ್ಯಾಡ್ರಿ. ಬ್ಯಾಳಿಗೆ ಔಡಲ ಎಣ್ಣಿ ಸವರಿ ಒಣಗಿಸಿದ್ರ ಸಾಕು.

ಹಾವೇರಿಯಾಂವ: ಆರು ವರ್ಷ ಏನೂ ಆಗಿಲ್ಲ. ಮಿಕ್ಸಿ ಸುಟ್ಟಾಕಿ ನನಗ ಬುದ್ಧಿ ಹೇಳೂದು ಬ್ಯಾಡ.

ಧಾರವಾಡದ ಹಿರಿಯರು: ಜಗಳ ಬಿಡ್ರಿ. ನಮ್ಮ ಅಜ್ಜನ ಹಗೇವಿನ್ಯಾಗ, ಅಂದ್ರ ನೆಲದಾಗ ತೋಡಿದ ಕಾಳಿನ ಕುಣ್ಯಾಗ, 30 ಚೀಲ ಜ್ವಾಳಾ ಇರ್ತಿತ್ತು. ಗ್ವಾಡಿಗೆ ಜ್ವಾಳದ ಒಣ ದಂಟು ಹಾಸಿ, ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತಿದ್ರ ಗಾಳಿ ಆಡೂದಿಲ್ಲ, ಹುಳ ಬದುಕೂದಿಲ್ಲ. ತೆಗೆದ ಕೂಡಲೇ ಯಾರೂ ಇಳೀತಿದ್ದಿಲ್ಲ. ಮೊದಲು ಕಂದೀಲು ಇಳಿಬಿಡ್ತಿದ್ರು, ಆರಿದ್ರ ಕಾಯ್ತಿದ್ರು. ನಮ್ಮ ಕಾಕಾ ಒಮ್ಮೆ ಕಾಯಲಿಲ್ಲ. ಹಗ್ಗ ಹಾಕಿ ಎಳದರು, ಮೂರು ದಿನ ತಲಿ ಎತ್ತಲಿಲ್ಲ.

ಕೊಣ್ಣೂರಾಂವ: ಅಜ್ಜಾರ, ಹೊಳಿ ಬಂದ್ರ ಮೊದಲು ತುಂಬೂದೇ ಹಗೇವು. 2009ರಾಗೂ ನೋಡೀವಿ.

ಧಾರವಾಡದ ಹಿರಿಯರು: ಹೊಳಿ ದಂಡ್ಯಾಗ ಯಾರು ತೋಡು ಅಂದ್ರು? ಎತ್ತರದ ನೆಲ ನೋಡಿ ತೋಡೂದು.

ಕೇಳಿದವರು: ನಾವು ಎರಡನೇ ಮಜಲಿನ್ಯಾಗ ಇದ್ದೀವ್ರಿ. ಕರೆಂಟ್ ಹೋದ್ರ ಅತ್ತಿಯವರ ಇನ್ಸುಲಿನ್ ಎಲ್ಲಿ ಇಡಲಿ?

ಗದಗಿನಾಕಿ: ಒಂದು ಗಡಿಗ್ಯಾಗ ಸಣ್ಣ ಗಡಿಗಿ, ನಡುವ ಹಸಿ ಉಸುಕು, ಮ್ಯಾಲೆ ಹಸಿ ಅರಿವಿ. ಬಾಟ್ಲಿ ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಒಳಗಿಡ್ರಿ, ಐಸ್ ಮುಟ್ಟಸಬ್ಯಾಡ್ರಿ. ಎಷ್ಟು ದಿನ ಇಡಬಹುದಂತ ಡಾಕ್ಟರನ್ನ ಕೇಳ್ರಿ. ಹಾವೇರಿ ಅಣ್ಣಾರ, ನೀವು ಆ ಚೀಲ ಇವತ್ತ ಹೊರಗ ಹಾಕ್ರಿ.