ಪದಚರ್ಚೆ: ‘ಕೇಬಲ್ ಮೋಡೆಮ್’ ಅಂದರೆ ಯಾವ ಡಬ್ಬಿ?

ಪ್ರಶ್ನೆ (ಬೆಳಗಾವಿಯಿಂದ)

ಬಲ್ಲವರಿಗೆ ನಮಸ್ಕಾರ. ಮನೆಗೆ ಇಂಟರ್ನೆಟ್ ಹಾಕಿಸಿಕೊಳ್ಳುವವರಿಗಾಗಿ ಒಂದು ಹಾಳೆಯ ಮಾಹಿತಿ ಪತ್ರ ಕನ್ನಡದಲ್ಲಿ ತಯಾರಾಗುತ್ತಿದೆ. ತಲೆಬರಹ ‘ಕೇಬಲ್ ಮೋಡೆಮ್ ಆರಿಸುವುದು ಹೇಗೆ’. ಆದರೆ ಖಡೇಬಜಾರಿನ ಅಂಗಡಿಯಲ್ಲಿ ‘ಮೋಡೆಮ್ ಕೊಡ್ರಿ’ ಅಂದರೆ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಡಬ್ಬಿ ಮುಂದಿಡುತ್ತಾರೆ. ಮೂರಕ್ಕೂ ಒಂದೇ ಪದ ಸಾಕೇ? ‘ಕಂಪ್ಯಾಟಿಬಲ್’ ಎಂಬುದಕ್ಕೆ ‘ಹೊಂದಾಣಿಕೆಯ’ ಎಂದು ಬರೆಯಬಹುದೇ? ಪೆಟ್ಟಿಗೆಯ ಮೇಲಿನ ‘16×4’ ಅನ್ನು ಕನ್ನಡದಲ್ಲಿ ಹೇಗೆ ಓದಿಸಬೇಕು? ‘ಸಿಗ್ನಲ್ ಮೈನಸ್ 27ಕ್ಕಿಂತ ಕಡಿಮೆ ಇರಬಾರದು’ ಎಂಬ ವಾಕ್ಯ ಸರಿಯೇ? ‘ಸಂಕೇತ ಪರಿವರ್ತಕ’ದಂಥ ಪದಗಳು ದಯವಿಟ್ಟು ಬೇಡ, ಅಂಗಡಿಯವನಿಗೂ ತಿಳಿಯಬೇಕು, ಮನೆಯವರಿಗೂ ತಿಳಿಯಬೇಕು.

ಉತ್ತರ (ವಿಜಯಪುರದಿಂದ)

ಸರ್, ‘ಮೋಡೆಮ್’ ಆಮೇಲೆ, ಮೊದಲು ‘ಕೇಬಲ್’ ಬಿಡಿಸಿಕೊಳ್ಳೋಣ. ನಮ್ಮ ಕಡೆ ಕೇಬಲ್ ಅಂದರೆ ವಾಯರಿನ ಜಾತಿಯಲ್ಲ, ‘ಕೇಬಲ್‌ನವರು’. ಟಿವಿ ಕನೆಕ್ಷನ್ ಕೊಟ್ಟವರೇ ಈಗ ಫೈಬರ್ ಎಳೆದು ನೆಟ್ ಕೊಡುತ್ತಾರೆ, ಮನೆಯವರ ಬಾಯಲ್ಲಿ ಅದೂ ‘ಕೇಬಲ್ ನೆಟ್ಟೇ’. ಆದರೆ ಕೇಬಲ್ ಮೋಡೆಮ್ ಎಂಬ ಹೆಸರಿನೊಳಗಿನ ಕೇಬಲ್ ಒಂದೇ ಬಗೆಯದು: ಸೆಟ್‌ಟಾಪ್ ಬಾಕ್ಸಿಗೆ ಬರುವ ದುಂಡನೆಯ ದಪ್ಪ ಕೊಯಾಕ್ಸಿಯಲ್ ವಾಯರು. ಮೈಮೇಲೆ ‘ಆರ್‌ಜಿ-6’, ‘75 ಓಮ್’ ಎಂದು ಅಚ್ಚಾಗಿರುತ್ತದೆ, ತುದಿಯಲ್ಲಿ ತಿರುಗಿಸಿ ಬಿಗಿಯುವ ಎಫ್ ಕನೆಕ್ಟರ್ ಇರುತ್ತದೆ. ಆ ವಾಯರಿನ ಮೇಲೆ ಡಾಕ್ಸಿಸ್ ಪದ್ಧತಿಯಲ್ಲಿ (ಟಿವಿ ವಾಯರಿನಲ್ಲೇ ನೆಟ್ ಸಾಗಿಸುವ ಕ್ರಮ) ಕೆಲಸ ಮಾಡುವ ಡಬ್ಬಿ ಮಾತ್ರ ಕೇಬಲ್ ಮೋಡೆಮ್. ಫೈಬರ್ ಬಂದಿರುವ ಮನೆಯವರು ಆನ್‌ಲೈನಿನಲ್ಲಿ ‘ಕೇಬಲ್ ಮೋಡೆಮ್’ ಎಂದು ಹುಡುಕಿ ತರಿಸಿದರೆ, ಅದರಲ್ಲಿ ಫೈಬರ್ ಚುಚ್ಚಲು ತೂತೇ ಇರುವುದಿಲ್ಲ.

ಅದಕ್ಕೇ ಡಬ್ಬಿಗೆ ಹೆಸರಿಡುವಾಗ ಒಳಗೆ ಬರುವ ವಾಯರು ನೋಡಿ ಇಡಿ. ದಪ್ಪ ಕೊಯಾಕ್ಸಿಯಲ್ ಬಂದರೆ ಕೇಬಲ್ ಮೋಡೆಮ್. ತುದಿಗೆ ಹಸಿರು ಇಲ್ಲವೆ ನೀಲಿ ಪ್ಲಾಸ್ಟಿಕ್ ಇರುವ ಸಣ್ಣ ಫೈಬರ್ ವಾಯರು ಬಂದರೆ, ಅದರ ಬೆಳಕನ್ನು ನೆಟ್ ಮಾಡಿ ಕೊಡುವ ಡಬ್ಬಿ ಒಎನ್‌ಯು. ಕೆಲವು ಪೆಟ್ಟಿಗೆಗಳ ಮೇಲೆ ಒಎನ್‌ಟಿ ಎಂದಿರುತ್ತದೆ, ಕೊಳ್ಳುವವರಿಗೆ ಎರಡೂ ಒಂದೇ. ‘ಟಕ್’ ಎಂದು ಕೂಡುವ ಎಂಟೆಳೆಯ ಲ್ಯಾನ್ ವಾಯರು ನೇರ ಮನೆಯೊಳಗೆ ಬಂದಿದ್ದರೆ ಮೋಡೆಮ್ಮಿನ ಮಾತೇ ಇಲ್ಲ, ರೌಟರ್ ಸಾಕು. ಒಎನ್‌ಯುಗೆ ‘ಫೈಬರ್ ಮೋಡೆಮ್’ ಎಂದು ಬರೆದರೆ ನನ್ನ ತಕರಾರಿಲ್ಲ, ಅಂಗಡಿಯವರೂ ಹಾಗೇ ಅನ್ನುತ್ತಾರೆ. ಬರೀ ‘ಮೋಡೆಮ್’ ಮಾತ್ರ ಬೇಡ. ತಲೆಬರಹಕ್ಕೆ ‘ನೆಟ್ಟಿನ ಡಬ್ಬಿ ಆರಿಸುವುದು’ ಎಂದಿಟ್ಟರೆ ಎಲ್ಲರಿಗೂ ನಾಟುತ್ತದೆ.

‘ಹೊಂದಾಣಿಕೆ’ ಬಿಡಿ. ಅದು ಅತ್ತೆ ಸೊಸೆಗೆ ಸಲ್ಲುವ ಪದ: ಇವರೊಂದಿಷ್ಟು ಬಾಗಿ, ಅವರೊಂದಿಷ್ಟು ತಗ್ಗಿ ನಡೆಸಿಕೊಂಡು ಹೋಗುವುದು. ಇಲ್ಲಿ ಯಾರೂ ಬಾಗುವುದಿಲ್ಲ. ‘ಹೊಂದುತ್ತದೆಯೇ’ ಎಂದು ಕ್ರಿಯಾಪದದಲ್ಲೇ ಬರೆದು, ಏನಕ್ಕೆ ಏನು ಹೊಂದಬೇಕು ಎಂಬುದನ್ನು ಬೆನ್ನಿಗೇ ಹೇಳಿ. ಕೊಯಾಕ್ಸಿಯಲ್ ಆದರೆ ಆ ಮಾದರಿ ನೆಟ್‌ನವರ ಪಟ್ಟಿಯಲ್ಲಿರಬೇಕು. ಅಮೆರಿಕದ ಡಾಕ್ಸಿಸ್ ಒಂದು ಚಾನೆಲ್‌ಗೆ 6 ಮೆಗಾಹರ್ಟ್ಸ್ ಅಗಲ ಹಿಡಿಯುತ್ತದೆ, ಯೂರೋ ಡಾಕ್ಸಿಸ್ 8 ಹಿಡಿಯುತ್ತದೆ. ನೆಟ್‌ನವರಲ್ಲಿ ಯಾವುದು ಎಂದು ಕೇಳದೆ ಹೊರದೇಶದ ಡಬ್ಬಿ ತರಿಸಬಾರದು. ಫೈಬರ್ ಆದರೆ ಜಿಪಾನ್, ಈಪಾನ್ ಎಂದು ಎರಡು ಪದ್ಧತಿ: ಜಿಪಾನ್ ಸಾಲಿಗೆ ಬರೀ ಈಪಾನ್ ಡಬ್ಬಿ ನಡೆಯದು. ‘ಎಕ್ಸ್‌ಪಾನ್’ ಎಂದು ಬರೆದದ್ದು ಎರಡಕ್ಕೂ ನಡೆಯುತ್ತದೆ. ಅಷ್ಟಾದ ಮೇಲೂ ನಂಬರ್ ಹಾಕಿಸಬೇಕು: ಕೇಬಲ್ ಮೋಡೆಮ್ಮಿಗೂ ಈಪಾನ್‌ಗೂ ಮ್ಯಾಕ್ ನಂಬರ್ (ಪ್ರತಿ ಡಬ್ಬಿಗೂ ಬೇರೆಯಾದ ಗುರುತಿನ ಸಂಖ್ಯೆ), ಜಿಪಾನ್‌ಗೆ ನಾಲ್ಕು ಅಕ್ಷರದಿಂದ ಶುರುವಾಗುವ ಸೀರಿಯಲ್ ನಂಬರ್. ಇದಕ್ಕೆ ‘ನೋಂದಣಿ’ ಅನ್ನಬೇಡಿ, ಓದಿದವರು ಆಧಾರ್ ಕಾರ್ಡ್ ಹಿಡಿದುಕೊಂಡು ಹೋಗುತ್ತಾರೆ. ‘ಡಬ್ಬಿಯ ಹಿಂದಿನ ನಂಬರ್ ನೆಟ್‌ನವರಿಂದ ಹಾಕಿಸಿಕೊಳ್ಳಿ’ ಅಂದರೆ ಮುಗಿಯಿತು. ಹಳೇ ಡಬ್ಬಿಯ ವಿಎಲ್ಯಾನ್ ಸಂಖ್ಯೆ (ನೆಟ್‌ನವರು ಸಾಲಿಗೆ ಕೊಟ್ಟದ್ದು), ನೆಟ್ಟಿಗೆ ಲಾಗಿನ್ ಆಗುವ ಪಿಪಿಪಿಒಇ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಬರೆದಿಟ್ಟುಕೊಳ್ಳದೆ ಅದನ್ನು ತೆಗೆಯಬಾರದು ಎಂಬ ಸಾಲೂ ಅಲ್ಲೇ ಇರಲಿ.

‘ಕೂಡು’ ಮತ್ತು ‘ಹೊಂದು’ ಇವೆರಡರ ಅಂತರಕ್ಕೆ ಒಳ್ಳೆ ಉದಾಹರಣೆ ಫೈಬರಿನ ತುದಿಯಲ್ಲೇ ಇದೆ. ಹಸಿರು ತುದಿಯ ಗಾಜನ್ನು 8 ಡಿಗ್ರಿ ಓರೆಯಾಗಿ ಸಾಣೆ ಹಿಡಿದಿರುತ್ತಾರೆ, ನೀಲಿಯದು ಓರೆಯಿಲ್ಲದ್ದು. ಹಸಿರನ್ನು ನೀಲಿ ತೂತಿಗೆ ಒತ್ತಿದರೆ ಕೂಡುತ್ತದೆ, ಹೊಂದುವುದಿಲ್ಲ: ಗಾಜಿಗೆ ಗಾಜು ತಾಗದೆ ನಡುವೆ ಸಂದು ಉಳಿದು ಬೆಳಕು ಸೋರುತ್ತದೆ. ಆಗ ನೆಟ್ ಪೂರ್ತಿ ನಿಲ್ಲದೆ ಬಂದು ಹೋಗಿ ಮಾಡುವುದೂ ಉಂಟು. ದೋಷ ಇಲ್ಲಿದೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಉತ್ತರ (ಬಾಗಲಕೋಟೆ, ನವನಗರದಿಂದ)

ಉಳಿದೆರಡು ಪ್ರಶ್ನೆಗೆ ಬರುತ್ತೇನೆ. ‘16×4’ ಗುಣಾಕಾರ ಅಲ್ಲ, ‘ಹದಿನಾರು ನಾಲ್ಕಲೆ’ ಎಂದು ಓದಿಸಬೇಡಿ. ‘ಇಳಿಕೆಗೆ 16, ಏರಿಕೆಗೆ 4 ಡೇಟಾ ಚಾನೆಲ್’ ಎಂದು ಬರೆಯಿರಿ. ಇಳಿಕೆ ಅಂದರೆ ಡೌನ್‌ಲೋಡ್, ಏರಿಕೆ ಅಂದರೆ ಅಪ್‌ಲೋಡ್. ‘ಡೇಟಾ’ ಬಿಟ್ಟರೆ ಕೇಬಲ್‌ನವರ ಡಬ್ಬಿಯಲ್ಲಿ ಹದಿನಾರು ಟಿವಿ ಚಾನೆಲ್ ಬರುತ್ತವೆ ಎಂದೇ ಅರ್ಥವಾಗುತ್ತದೆ. 6 ಮೆಗಾಹರ್ಟ್ಸ್‌ನ ಒಂದು ಇಳಿಕೆ ಚಾನೆಲ್ ಸುಮಾರು 38 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಹೊರುತ್ತದೆ, 8 ಮೆಗಾಹರ್ಟ್ಸ್‌ನದು ಸುಮಾರು 50. ಹದಿನಾರು ಸೇರಿದರೆ 600ರ ಮೇಲೆ ಹೋಗುತ್ತದೆ ನಿಜ, ಆದರೆ ಅದು ಓಣಿಗೆಲ್ಲ ಹಂಚಿದ ಲೆಕ್ಕ. 100ರ ಪ್ಲಾನಿಗೆ 8×4 ಕಾಗದದ ಮೇಲೆ ಸಾಕಾದರೂ, ಸಂಜೆ ಎಲ್ಲರೂ ಕೂತಾಗ 16 ಇದ್ದ ಡಬ್ಬಿಗೆ ಖಾಲಿ ಇರುವುದನ್ನು ಆಯ್ದುಕೊಳ್ಳಲು ಜಾಗ ಹೆಚ್ಚು. ಹೀಗೆ ಚಾನೆಲ್ ಕೂಡಿಸುವುದು 2006ರ ಡಾಕ್ಸಿಸ್ 3.0ದಿಂದ ಬಂತು. ಹೊಸದು ಕೊಳ್ಳುವುದಾದರೆ 2013ರಲ್ಲಿ ಬಂದ 3.1 ಪದ್ಧತಿಯದೇ ಇರಲಿ, ಅದು 3.0 ಸಾಲಿನ ಮೇಲೂ ನಡೆಯುತ್ತದೆ.

‘100 ಎಂಬಿ’ ಎಂದೂ ಬರೆಯಬೇಡಿ. ಪ್ಲಾನಿನದು ಮೆಗಾಬಿಟ್, ಫೋನಿನಲ್ಲಿ ಫೈಲ್ ಇಳಿಯುವಾಗ ಕಾಣುವುದು ಮೆಗಾಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ನೂರರ ಪ್ಲಾನಿನಲ್ಲಿ ಸೆಕೆಂಡಿಗೆ ಹನ್ನೆರಡೂವರೆ ಕಂಡರೆ ನೆಟ್ ಸರಿಯಾಗಿಯೇ ಇದೆ. ಇನ್ನು ಒಎನ್‌ಯು ಪೆಟ್ಟಿಗೆಯ ಮೇಲೆ ‘1ಜಿಇ+1ಎಫ್‌ಇ’ ಎಂದಿದ್ದರೆ ಜಿಇ ತೂತು 1000ದ್ದು, ಎಫ್‌ಇ 100ರದ್ದು. ರೌಟರ್ ವಾಯರು ಎಫ್‌ಇಗೆ ಹಚ್ಚಿದರೆ 200ರ ಪ್ಲಾನೂ 100ರೊಳಗೇ ನಿಲ್ಲುತ್ತದೆ.

ಮೈನಸ್ ವಾಕ್ಯ ಗಣಿತದಲ್ಲಿ ಸರಿ, ಓದುಗನಿಗೆ ತಪ್ಪು. −28 ಎಂಬುದು −27ಕ್ಕಿಂತ ಕಡಿಮೆ ಎಂದು ಮೇಷ್ಟರು ಹೇಳಿಯಾರು. ಬ್ರೌಸರಿನಲ್ಲಿ ಡಬ್ಬಿಯ ಸೆಟ್ಟಿಂಗ್ ಪುಟ ತೆರೆದು ನೋಡುವವರ ಕಣ್ಣಿಗೆ 28 ಹೆಚ್ಚೇ. ‘ಹೆಚ್ಚು’, ‘ಕಡಿಮೆ’ ಎರಡನ್ನೂ ಬಿಟ್ಟು ‘ಸೊನ್ನೆಯಿಂದ ದೂರ ಹೋದಷ್ಟೂ ಬೆಳಕು ಸಣ್ಣದು’ ಎಂದು ಬರೆದು ಅಂಕಿ ಕೊಡಿ: ಜಿಪಾನ್‌ನಲ್ಲಿ (ಬೆಳಕಿನ ಶಕ್ತಿ ಅಳೆಯುವ ಡಿಬಿಎಂ ಲೆಕ್ಕದಲ್ಲಿ) −18, −22 ಚೊಲೊ, −25 ದಾಟಿದರೆ ಲೈನ್‌ಮನ್‌ಗೆ ಹೇಳಬೇಕು, −27 ಗಡಿ. ಪ್ರತಿ 3 ಡಿಬಿಗೆ ಬೆಳಕು ಅರ್ಧವಾಗುತ್ತದೆ, ಅಂದರೆ ನಿನ್ನೆ −21 ಇದ್ದದ್ದು ಇವತ್ತು −24 ಆದರೆ ಅದು ಸಣ್ಣ ಮಾತಲ್ಲ. ಬಾಗಿಲ ಸಂದಿಯಲ್ಲಿ ಫೈಬರ್ ಮಡಚಿದೆಯೇ ನೋಡಿ.

ಕೊಯಾಕ್ಸಿಯಲ್ ಪುಟದಲ್ಲೂ ಇಂಥದೇ ಅಂಕಿ ಇರುತ್ತದೆ, ಮಾನ ಮಾತ್ರ ಬೇರೆ. ಅಲ್ಲಿ ‘ಡಿಬಿಎಂವಿ’, ಫೈಬರಿನಲ್ಲಿ ‘ಡಿಬಿಎಂ’. ಒಂದಕ್ಷರ ಬಿಟ್ಟರೆ ಹಾಳೆಯ ಅರ್ಥವೇ ಕೆಡುತ್ತದೆ. ಅಲ್ಲಿ ಇಳಿಕೆ ಸೊನ್ನೆಯ ಆಚೀಚೆ, −7ರಿಂದ +7ರೊಳಗೆ ಇರಬೇಕು. ಎರಡು ಕವಲಿನ ಸ್ಪ್ಲಿಟರ್ ಪ್ರತಿ ಕವಲಿಗೂ ಸುಮಾರು 3.5 ಡಿಬಿ ನುಂಗುತ್ತದೆ. ಎರಡನೇ, ಮೂರನೇ ಟಿವಿಯ ಕವಲಿನಿಂದ ಮೋಡೆಮ್ಮಿಗೆ ವಾಯರು ಕೊಟ್ಟರೆ ಅದು ಏರಿಕೆಯ ಶಕ್ತಿ ಏರಿಸುತ್ತ ಏರಿಸುತ್ತ 50 ಡಿಬಿಎಂವಿ ಹತ್ತಿರ ಹೋಗಿ ಸಾಲು ಕಡಿದುಕೊಳ್ಳುತ್ತದೆ. ಮೋಡೆಮ್ಮಿಗೆ ಮೊದಲ ಕವಲು, ಟಿವಿಗಳಿಗೆ ಉಳಿದದ್ದು.

ಮತ್ತೆ ವಿಜಯಪುರದಿಂದ

ಒಂದು ಮಾತು ಉಳಿಯಿತು. ದೀಪದ ಬಗ್ಗೆ ಬರೆಯುವಾಗ ‘ಲೈಟ್ ಹತ್ತಿದೆಯೇ ನೋಡಿ’ ಸಾಲದು, ಯಾವ ಲೈಟ್ ಎಂದಿರಬೇಕು. ಫೈಬರ್ ಡಬ್ಬಿಯಲ್ಲಿ ‘ಪಾನ್’ ಎಂದು ಬರೆದ ದೀಪ ಹಸಿರಾಗಿ ಹತ್ತಿ ನಿಲ್ಲಬೇಕು. ಮಿಣುಕುತ್ತಿದ್ದರೆ ನಂಬರ್ ಇನ್ನೂ ಹಾಕಿಲ್ಲದೆ ಇರಬಹುದು. ಎಲ್‌ಒಎಸ್ ಕೆಂಪಗೆ ಮಿಣುಕಿದರೆ ಬೆಳಕೇ ಬರುತ್ತಿಲ್ಲ, ರೀಸೆಟ್ ಒತ್ತಿ ಉಪಯೋಗವಿಲ್ಲ. ಒತ್ತಿದರೆ ಇದ್ದ ಪಾಸ್‌ವರ್ಡೂ ಅಳಿಸಿ ಹೋಗುತ್ತದೆ. ‘ಜಾಸ್ತಿ ಕರೆಂಟಿನ ಅಡಾಪ್ಟರ್ ಬೇಡ’ ಎಂಬ ವಾಕ್ಯ ಹಾಳೆಯಲ್ಲಿದ್ದರೆ ತೆಗೆಯಿರಿ. ನಮ್ಮಲ್ಲಿ ಕರೆಂಟ್ ಅಂದರೆ ಲೈಟಿನ ಕಂಬದಿಂದ ಬರುವುದೆಲ್ಲ. 12 ವೋಲ್ಟಿನ ಡಬ್ಬಿಗೆ 12 ವೋಲ್ಟೇ ಬೇಕು, ಆಂಪಿಯರ್ 1ರ ಬದಲು 2 ಇದ್ದರೂ ನಡೆಯುತ್ತದೆ, ಅರ್ಧ ಇದ್ದರೆ ವೈಫೈ ಜೋರಾದಾಗೆಲ್ಲ ಡಬ್ಬಿ ಬಂದ್ ಆಗಿ ಮತ್ತೆ ಚಾಲೂ ಆಗುತ್ತದೆ. ಹೀಗೆ ವೋಲ್ಟ್, ಆಂಪಿಯರ್ ಬಿಡಿಸಿ ಬರೆಯಿರಿ.